ಹೃದಯಕ್ಕೆ ಲಯವನ್ನು ಮರಳಿಸಿದ ವೈದ್ಯ

ಜಾತ್ರೆಯಲ್ಲಿ ತೇರನ್ನೆಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೂರಾರು ಕೈಗಳು ಒಟ್ಟಾಗಿ ಹಗ್ಗವನ್ನು ಸೆಳೆದಾಗ ಮಾತ್ರ ತೇರು ಚಲಿಸುತ್ತದೆ. ಒಬ್ಬೊಬ್ಬರೂ ತಮಗೆ ತೋಚಿದಂತೆ ಎಳೆದರೆ ನಿಂತಲ್ಲಿಯೇ ನಿಲ್ಲುತ್ತದೆ. ನಮ್ಮ ಹೃದಯವೂ ಹಾಗೆಯೇ. ಅದರ ಸ್ನಾಯುತಂತುಗಳು ಒಂದೇ ಲಯದಲ್ಲಿ ಸಂಕುಚಿಸಿದಾಗ ರಕ್ತವು ದೇಹದಲ್ಲೆಲ್ಲ ಹರಿಯುತ್ತದೆ. ಅವು ಲಯ ತಪ್ಪಿ ಬೇರೆ ಬೇರೆಯಾಗಿ ಅದುರತೊಡಗಿದರೆ ಹೃದಯವು ಬರಿದೇ ಕಂಪಿಸುತ್ತದೆ. ಆಗ ರಕ್ತದ ಚಲನೆ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಈ ಕಂಪನವನ್ನು ವಿದ್ಯುದಾಘಾತದಿಂದ ನಿಲ್ಲಿಸಿ, ಮೊತ್ತಮೊದಲಿಗೆ ಮನುಷ್ಯನೊಬ್ಬನನ್ನು ಉಳಿಸಿದ ಕೀರ್ತಿ ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ ಅವರಿಗೆ ಸಲ್ಲುತ್ತದೆ.

ಬೆಕ್ ಅವರು 1894ರಲ್ಲಿ ಪೆನ್ಸಿಲ್ವೇನಿಯ ರಾಜ್ಯದ ಶಾಮೋಕಿನ್ ಎಂಬ ಊರಿನಲ್ಲಿ ಜನಿಸಿದರು. 1921ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ವೈದ್ಯ ಪದವಿಯನ್ನು ಪಡೆದರು. ಅವರು ಇನ್ನೂ ಕಿರಿಯ ವೈದ್ಯರಾಗಿದ್ದಾಗ, ಒಂದು ದಿನ ಶಸ್ತ್ರಕ್ರಿಯೆಯ ನಡುವೆ ರೋಗಿಯ ಹೃದಯ ನಿಂತುಹೋಯಿತು. ಹಿರಿಯ ವೈದ್ಯನು ಕೈಗವಸನ್ನು ಕಳಚಿ, ದೂರವಾಣಿಯ ಮೂಲಕ ಅಗ್ನಿಶಾಮಕ ದಳವನ್ನು ಕರೆದನು! ಕಾಲು ಗಂಟೆಯ ಮೇಲೆ ಅವರು ಆಮ್ಲಜನಕದ ಯಂತ್ರದೊಡನೆ ಬಂದರು. ರೋಗಿ ಬದುಕಲಿಲ್ಲ. ಏನು ಮಾಡಬೇಕೆಂದು ತೋಚದೆ ದಿಗ್ಭ್ರಾಂತರಾಗಿ ನಿಂತಿದ್ದ ಆ ತರುಣನ ಮನಸ್ಸಿನಲ್ಲಿ ಅಂದಿನ ಅಸಹಾಯಕತೆ ಅಚ್ಚೊತ್ತಿ ನಿಂತಿತು.

ಮುಂದೆ ಬೆಕ್ ಅವರು ಕ್ಲೀವ್‌ಲೆಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಪ್ರಾಣಿಗಳ ಕಂಪಿಸುವ ಹೃದಯವನ್ನು ವಿದ್ಯುತ್ತಿನಿಂದ ಸರಿಪಡಿಸಬಹುದೆಂದು ಜಿನೀವದ ವಿಜ್ಞಾನಿಗಳು 1899ರಲ್ಲಿಯೇ ಕಂಡುಕೊಂಡಿದ್ದರು. ಬೆಕ್ ಅವರೂ ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಆಘಾತವು ಹೃದಯವನ್ನು ಬಡಿದೆಬ್ಬಿಸುವುದಿಲ್ಲ. ಎಲ್ಲ ತಂತುಗಳ ಅದುರುವಿಕೆಯನ್ನೂ ಒಮ್ಮೆಗೇ ತಡೆಯುತ್ತದೆ. ಎಲ್ಲರೂ ಹಗ್ಗವನ್ನು ಕೈಬಿಟ್ಟು ಮತ್ತೆ ಒಟ್ಟಾಗಿ ಹಿಡಿದಂತೆ, ಹೃದಯವು ತನ್ನ ಸಹಜ ಲಯವನ್ನು ತಾನೇ ಹಿಡಿಯುತ್ತದೆ.

1947ರಲ್ಲಿ ಆ ಜ್ಞಾನಕ್ಕೆ ಪರೀಕ್ಷೆಯ ಗಳಿಗೆ ಬಂದಿತು. ಹುಟ್ಟಿನಿಂದಲೇ ಕುಳಿಬಿದ್ದ ಎದೆಯ 14 ವರ್ಷದ ಬಾಲಕನಿಗೆ ಬೆಕ್ ಅವರು ಶಸ್ತ್ರಕ್ರಿಯೆ ಮಾಡಿದ್ದರು. ಗಾಯವನ್ನು ಮುಚ್ಚುವ ವೇಳೆಗೆ ಹೃದಯ ನಿಂತಿತು. ಬೆಕ್ ಅವರು ಎದೆಯನ್ನು ಮತ್ತೆ ತೆರೆದು, ಹೃದಯವನ್ನು ಕೈಯಿಂದಲೇ ಅದುಮುತ್ತ ಅರ್ಧ ಗಂಟೆಗೂ ಮಿಗಿಲಾಗಿ ರಕ್ತದ ಹರಿವನ್ನು ಕಾಪಾಡಿದರು. ಪ್ರಯೋಗಗಳಿಗೆ ಬಳಸುತ್ತಿದ್ದ ಉಪಕರಣವನ್ನು ತರಿಸಿ ಆಘಾತ ನೀಡಿದರು. ಮೊದಲ ಯತ್ನ ಫಲಿಸಲಿಲ್ಲ. ಅವರು ಧೃತಿಗೆಡದೆ ಔಷಧಿಯಿತ್ತು, ಅದುಮುವುದನ್ನು ಮುಂದುವರಿಸಿ, ಮತ್ತೊಮ್ಮೆ ಆಘಾತ ನೀಡಿದರು. ಹೃದಯ ಲಯಬದ್ಧವಾಗಿ ಮಿಡಿಯತೊಡಗಿತು. ಬಾಲಕ ಗುಣಮುಖನಾಗಿ ಮನೆಗೆ ಮರಳಿದನು.

ಬೆಕ್ ಅವರು ಈ ವಿದ್ಯೆಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. 1950ರಿಂದ ಶಿಬಿರಗಳನ್ನು ನಡೆಸಿ ಸಾವಿರಾರು ವೈದ್ಯರಿಗೂ ದಾದಿಯರಿಗೂ ಕಲಿಸಿದರು. ತಾವು ತರುಣನಾಗಿ ನಿಂತಂತೆ ಇನ್ನಾರೂ ಕೈಕಟ್ಟಿ ನಿಲ್ಲಬಾರದೆಂಬುದೇ ಅವರ ಹಂಬಲವಾಗಿತ್ತು. 1971ರಲ್ಲಿ ಅವರು ನಿಧನರಾದರು.

ಅವರು ತೋರಿದ ದಾರಿಯನ್ನು ಇತರರು ಮುಂದುವರಿಸಿದರು. 1956ರಲ್ಲಿ ಪಾಲ್ ಝೋಲ್ ಅವರು ಎದೆಯನ್ನು ತೆರೆಯದೆಯೇ ಆಘಾತ ನೀಡುವ ಕ್ರಮವನ್ನು ಪ್ರಕಟಿಸಿದರು. 1960ರಲ್ಲಿ ಕೌವೆನ್‌ಹೋವನ್ ಮತ್ತು ಸಂಗಡಿಗರು ಎದೆಯನ್ನು ಹೊರಗಿನಿಂದಲೇ ಒತ್ತಿ ರಕ್ತವನ್ನು ಹರಿಸುವ ವಿಧಾನವನ್ನು ತಿಳಿಸಿದರು. ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಮಾಡಬೇಕಾದುದನ್ನು ಮಾತಿನಲ್ಲಿ ಹೇಳುವ ಡಿಫಿಬ್ರಿಲೇಟರ್ ಯಂತ್ರಗಳೂ ಇಂದು ಬಂದಿವೆ.

ಆದರೆ ಯಂತ್ರ ಬರುವವರೆಗಿನ ನಿಮಿಷಗಳು ಬಳಿಯಲ್ಲಿರುವವರ ಕೈಯಲ್ಲಿವೆ. ಕಡೂರಿನ ಬಸ್ ನಿಲ್ದಾಣದಲ್ಲಿಯೋ, ತರೀಕೆರೆಯ ಸಂತೆಯಲ್ಲಿಯೋ, ಅಜ್ಜಂಪುರದ ರೈಲು ನಿಲ್ದಾಣದಲ್ಲಿಯೋ ಒಬ್ಬರು ಹಠಾತ್ತನೆ ಕುಸಿದು, ಕರೆದರೂ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ ಸುತ್ತ ನೆರೆದು ನೋಡುವುದರಿಂದ ಫಲವಿಲ್ಲ. ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಗಳನ್ನಿರಿಸಿ ಬಲವಾಗಿ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು. ಆ ವಿದ್ಯೆಯನ್ನು ಕಲಿತಿರುವುದೇ ಬೆಕ್ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.