ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ದ್ವಿಚಕ್ರ ವಾಹನ ಓಡಿಸುವವರಿಗೆ ಡನ್‌ಲಪ್ ಎಂಬ ಹೆಸರು ಅಪರಿಚಿತವಲ್ಲ. ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ಆ ಹೆಸರನ್ನು ಕಂಡು ಅದು ಯಾವುದೋ ಕಾರ್ಖಾನೆಯದೆಂದೋ, ಊರಿನದೆಂದೋ ಭಾವಿಸಿದವರೇ ಹೆಚ್ಚು. ವಾಸ್ತವದಲ್ಲಿ ಅದು ದನ, ಕುದುರೆಗಳಿಗೆ ಚಿಕಿತ್ಸೆ ನೀಡುತ್ತಿದ್ದ ಒಬ್ಬ ಪಶುವೈದ್ಯನ ಹೆಸರು. ಜಗತ್ತಿನ ರಸ್ತೆಗಳ ಸ್ವರೂಪವನ್ನೇ ಬದಲಾಯಿಸಿದ ಈತ ತನ್ನ ಶೋಧದಿಂದ ದೊಡ್ಡ ಶ್ರೀಮಂತನಾಗಲಿಲ್ಲ. ಆ ಶೋಧದ ಮೊದಲಿಗ ತಾನಲ್ಲ ಎಂಬ ಸತ್ಯವನ್ನೂ ಆತ ಎದುರಿಸಬೇಕಾಯಿತು. ಗಾಳಿ ತುಂಬಿದ ಟೈರನ್ನು ಕಂಡುಕೊಳ್ಳುವುದಕ್ಕಿಂತ ಅದನ್ನು ಚಕ್ರದ ಮೇಲೆ ಸರಿಯಾಗಿ ಕೂರಿಸುವುದೇ ಕಷ್ಟದ ಕೆಲಸ ಎಂಬುದಕ್ಕೆ ಆತನ ಬದುಕೇ ಸಾಕ್ಷಿ.

ಒಕ್ಕಲು ಮನೆಯ ಹುಡುಗ

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರುವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯದ ಡ್ರೆಗಾರ್ನ್ ಗ್ರಾಮದ ಒಕ್ಕಲು ಕುಟುಂಬದಲ್ಲಿ. ಎರಡು ತಿಂಗಳು ಮೊದಲೇ ಹುಟ್ಟಿದ ಮಗು ಎಂದು ತಂದೆತಾಯಿ ಹೇಳುತ್ತಿದ್ದುದರಿಂದ ತನ್ನದು ಸೂಕ್ಷ್ಮ ದೇಹಪ್ರಕೃತಿ ಎಂಬ ನಂಬಿಕೆ ಅವರ ಮನಸ್ಸಿನಲ್ಲಿ ಬೇರೂರಿತು. ಜೀವನದುದ್ದಕ್ಕೂ ಆರೋಗ್ಯದ ವಿಷಯದಲ್ಲಿ ಅತಿ ಎಚ್ಚರದಿಂದಲೇ ನಡೆದುಕೊಂಡರು. ಹಾಗಿದ್ದೂ 81ನೆಯ ವಯಸ್ಸಿನವರೆಗೆ ಗಂಭೀರವಾದ ಯಾವ ಕಾಯಿಲೆಯೂ ಅವರನ್ನು ಬಾಧಿಸಲಿಲ್ಲ ಎಂಬುದು ವಿಶೇಷ.

ಎಡಿನ್‌ಬರೋದಲ್ಲಿ ಪಶುವೈದ್ಯ ವಿಜ್ಞಾನ ಕಲಿತ ಡನ್‌ಲಪ್ ಕೆಲವು ವರ್ಷ ತವರಿನಲ್ಲೇ ವೃತ್ತಿ ನಡೆಸಿದರು. 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್‌ಗೆ ಬಂದು ಸಹೋದರ ಜೇಮ್ಸ್ ಜೊತೆಗೂಡಿ ಪಶು ಚಿಕಿತ್ಸಾಲಯ ತೆರೆದರು. ಅನಂತರ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿನಲ್ಲಿ ನೆಲೆಗೊಂಡರು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಅವರನ್ನು ವಿವಾಹವಾದರು. ದಂಪತಿಗೆ ಒಬ್ಬಳು ಮಗಳು, ಒಬ್ಬ ಮಗ. ಕುದುರೆಗಳೇ ನಗರದ ಸಾರಿಗೆಯಾಗಿದ್ದ ಆ ಕಾಲದಲ್ಲಿ ಅವರ ಚಿಕಿತ್ಸಾಲಯಕ್ಕೆ ಬಿಡುವಿರಲಿಲ್ಲ. ಐರ್ಲೆಂಡಿನ ದೊಡ್ಡ ಪಶು ಚಿಕಿತ್ಸಾಲಯಗಳಲ್ಲಿ ಅದೂ ಒಂದೆನಿಸಿತು.

ಅಂಗಳದಲ್ಲಿ ನಡೆದ ಪರೀಕ್ಷೆ

ಬೆಲ್‌ಫಾಸ್ಟ್ ಬೀದಿಗಳಿಗೆ ಆಗ ಕಲ್ಲು ಹಾಸಿತ್ತು. ಬಂಡಿ, ಸೈಕಲ್ಲುಗಳ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಇಲ್ಲವೇ ಗಟ್ಟಿ ರಬ್ಬರು. ಮಗ ಜಾನಿಯ ಮೂರು ಗಾಲಿಯ ಸೈಕಲ್ಲು ಆ ಕಲ್ಲುಗಳ ಮೇಲೆ ಎತ್ತೆತ್ತಿ ಹಾಕುತ್ತಿತ್ತು. 1887ರ ಅಕ್ಟೋಬರಿನಲ್ಲಿ ಡನ್‌ಲಪ್ ಇದಕ್ಕೊಂದು ಉಪಾಯ ಹುಡುಕಲು ಕುಳಿತರು. ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆಯೊಂದನ್ನು ಮಾಡಿ, ಮರದ ತಟ್ಟೆಯೊಂದರ ಅಂಚಿಗೆ ಸುತ್ತಿ, ಅದರ ಮೇಲೆ ನಾರುಬಟ್ಟೆ ಹೊದಿಸಿ ಮೊಳೆ ಹೊಡೆದರು. ಒಳಗೆ ಗಾಳಿ ತುಂಬಿದರು.

ಮನೆಯ ಅಂಗಳದಲ್ಲಿ ನಡೆದ ಪರೀಕ್ಷೆ ಸರಳವಾಗಿತ್ತು. ಮಗನ ಸೈಕಲ್ಲಿನಿಂದ ಬಿಚ್ಚಿದ ಲೋಹದ ಗಾಲಿ ಒಂದು, ಗಾಳಿ ತುಂಬಿದ ಕೊಳವೆ ಸುತ್ತಿದ ಮರದ ತಟ್ಟೆ ಇನ್ನೊಂದು. ಎರಡನ್ನೂ ಉರುಳಿಸಿದಾಗ ಲೋಹದ ಗಾಲಿ ಸ್ವಲ್ಪ ದೂರ ಹೋಗಿ ಬಿದ್ದಿತು. ಮರದ ತಟ್ಟೆ ಅಂಗಳವನ್ನೆಲ್ಲ ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಚಿಮ್ಮಿತು. ಮೆತ್ತನೆಯ ಸವಾರಿಗೆಂದು ಹೊರಟವರಿಗೆ ಅದಕ್ಕಿಂತ ದೊಡ್ಡ ಲಾಭವೊಂದು ಕಂಡಿತ್ತು. ಗಾಳಿಯ ಗಾಲಿ ಅಷ್ಟೇ ಶಕ್ತಿಯಲ್ಲಿ ಹೆಚ್ಚು ದೂರ ಓಡುತ್ತಿತ್ತು. ಗಟ್ಟಿ ಗಾಲಿ ಪ್ರತಿ ಕಲ್ಲಿಗೂ ತಾನೇ ಮೇಲೇಳಬೇಕು, ಆ ಏಳುಬೀಳಿನಲ್ಲಿ ಅದರ ಓಟ ವ್ಯರ್ಥವಾಗುತ್ತದೆ. ಗಾಳಿಯ ಟೈರು ಕಲ್ಲನ್ನು ತನ್ನೊಳಕ್ಕೆ ಅದುಮಿಕೊಂಡು ಮುಂದೆ ಸಾಗುತ್ತದೆ.

1888ರ ಆರಂಭದಲ್ಲಿ ಜಾನಿಯ ಸೈಕಲ್ಲಿನ ಹಿಂದಿನ ಎರಡೂ ಗಾಲಿಗಳಿಗೆ ಹೊಸ ಟೈರು ಬಂದಿತು. ಅದೇ ವರ್ಷ ಜುಲೈ 23ರಂದು ಡನ್‌ಲಪ್ ಪೇಟೆಂಟಿಗೆ ಅರ್ಜಿ ಹಾಕಿದರು. ಡಿಸೆಂಬರ್ 7ರಂದು ಅದು ಮಂಜೂರಾಯಿತು.

ಮೈದಾನದ ಗೆಲುವು, ಕಾಗದದ ಸೋಲು

1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜು ಮೈದಾನದಲ್ಲಿ ಸೈಕಲ್ ಪಂದ್ಯ ಏರ್ಪಟ್ಟಿತ್ತು. ಸ್ಥಳೀಯ ಸವಾರ ವಿಲ್ಲೀ ಹ್ಯೂಮ್ ಊದಿಕೊಂಡ ದಪ್ಪ ಟೈರುಗಳ ಸೈಕಲ್ಲಿನೊಂದಿಗೆ ಕಣಕ್ಕಿಳಿದರು. ಆ ದಿನದ ನಾಲ್ಕೂ ಸ್ಪರ್ಧೆಗಳನ್ನು ಅವರೇ ಗೆದ್ದರು. ಕೆಲವೇ ದಿನಗಳ ನಂತರ ಲಿವರ್‌ಪೂಲ್‌ನಲ್ಲೂ ಅವರದೇ ಮೇಲುಗೈಯಾಯಿತು.

ಸೋತವರ ಪೈಕಿ ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರಾಸ್ ಅವರ ಮಕ್ಕಳೂ ಇದ್ದರು. ಐರ್ಲೆಂಡಿನ ಸೈಕಲ್ ಸವಾರರ ಸಂಘದ ಅಧ್ಯಕ್ಷರಾಗಿದ್ದ ಡು ಕ್ರಾಸ್ ಆ ಸೋಲಿನಲ್ಲಿ ವ್ಯಾಪಾರದ ದಾರಿ ಕಂಡರು. ಅದೇ ವರ್ಷ ಡಬ್ಲಿನ್ನಿನಲ್ಲಿ ಕಂಪನಿ ಹುಟ್ಟಿಕೊಂಡಿತು. ಡನ್‌ಲಪ್ ತಮ್ಮ ಪೇಟೆಂಟಿನ ಹಕ್ಕನ್ನು ಒಪ್ಪಿಸಿ ಪ್ರತಿಯಾಗಿ 1,500 ಷೇರುಗಳನ್ನು ಪಡೆದರು.

ಸಿಡಿಲು ಬಡಿದದ್ದು 1890ರಲ್ಲಿ. ಡನ್‌ಲಪ್ ಪೇಟೆಂಟು ಸಿಂಧುವಲ್ಲ ಎಂಬ ಸೂಚನೆ ಬಂದಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲೇ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಿದ್ದರು. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆಗೆ ಚರ್ಮದ ಹೊದಿಕೆ ಹಾಕಿ, ಕುದುರೆ ಗಾಡಿಗಳಿಗೆ ಜೋಡಿಸಿ 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಓಡಿಸಿಯೂ ತೋರಿಸಿದ್ದರು. ದುಬಾರಿಯಾಗಿದ್ದ ಆ ಟೈರು ಬೇಡಿಕೆಯಿಲ್ಲದೆ ಮರೆಗೆ ಸರಿದಿತ್ತು. 1873ರಲ್ಲಿ ಥಾಮ್ಸನ್ ಕೂಡ ತೀರಿಕೊಂಡಿದ್ದರು. ಡನ್‌ಲಪ್‌ಗೆ ಇದಾವುದೂ ತಿಳಿದಿರಲಿಲ್ಲ. ಆದರೆ ತಿಳಿಯದೆ ಮಾಡಿದ್ದು ಎಂಬ ಕಾರಣಕ್ಕೆ ಕಾನೂನು ರಿಯಾಯಿತಿ ನೀಡುವುದಿಲ್ಲ.

ಕೂರಿಸುವ ಸಮಸ್ಯೆ

ಪೇಟೆಂಟಿನಷ್ಟೇ ದೊಡ್ಡ ಸಮಸ್ಯೆ ಟೈರಿನಲ್ಲೂ ಇತ್ತು. ಮೊದಲ ಟೈರುಗಳನ್ನು ಬಟ್ಟೆ ಸುತ್ತಿ, ರಬ್ಬರ್ ಅಂಟು ಬಳಿದು ರಿಮ್ಮಿಗೆ ಅಂಟಿಸಲಾಗುತ್ತಿತ್ತು. ಮುಳ್ಳೊಂದು ಚುಚ್ಚಿದರೆ ಸುತ್ತಿದ್ದನ್ನೆಲ್ಲ ಬಿಚ್ಚಿ, ತೂತು ಮುಚ್ಚಿ, ಮತ್ತೆ ಅಂಟಿಸಿ ಒಣಗಲು ಬಿಡಬೇಕಿತ್ತು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್-ಫೆರಾಂಡ್ ಪಟ್ಟಣದ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಇಂಥದೇ ಟೈರು ದುರಸ್ತಿಗೆ ಬಂದಾಗ ಮೂರು ಗಂಟೆಯ ಕೆಲಸದ ಜೊತೆಗೆ ಒಂದು ರಾತ್ರಿ ಒಣಗಿಸಬೇಕಾಯಿತು. ಬಿಚ್ಚಿ ಹಾಕಲು ಬರುವ ಟೈರನ್ನು ಅವರು 1891ರಲ್ಲಿ ರೂಪಿಸಿದರು. ಅದೇ ವರ್ಷದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಪಂದ್ಯವನ್ನು ಆ ಟೈರಿನ ಮೇಲೆ ಶಾರ್ಲ್ ತೆರೋಂ ಗೆದ್ದರು.

ಡನ್‌ಲಪ್ ಹೆಸರಿನ ಕಂಪನಿಯನ್ನು ಉಳಿಸಿದ್ದು ಇತರರ ಎರಡು ಪೇಟೆಂಟುಗಳು. 1890ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಟೈರಿನ ಎರಡೂ ಅಂಚುಗಳೊಳಗೆ ಹಿಗ್ಗದ ತಂತಿಯನ್ನಿಟ್ಟು, ರಿಮ್ಮಿನ ನಡುವೆ ತಗ್ಗು ಬಿಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮರುತಿಂಗಳಲ್ಲೇ ವಿಲಿಯಂ ಬಾರ್ಟ್‌ಲೆಟ್ ಟೈರಿನ ಅಂಚು ರಿಮ್ಮಿನ ಮಡಿಕೆಯೊಳಗೆ ಕಚ್ಚಿಕೊಳ್ಳುವ ವಿಧಾನವನ್ನು ದಾಖಲಿಸಿದರು. ಕಂಪನಿ ಎರಡರ ಹಕ್ಕನ್ನೂ ಕೊಂಡುಕೊಂಡಿತು.

ಇಂದಿನ ಅಂಗಡಿಯಲ್ಲಿ ಅದೇ ಪಾಠ

ವೆಲ್ಚ್ ಕಂಡುಕೊಂಡ ಆ ತಂತಿ ಮತ್ತು ತಗ್ಗು ಇಂದಿಗೂ ಮೋಟಾರ್ ಸೈಕಲ್ ಟೈರು ಕೂರಿಸುವ ವಿದ್ಯೆಯ ತಳಹದಿ. ತಂತಿಯಿರುವ ಅಂಚನ್ನು ಮೆಕ್ಯಾನಿಕ್‌ಗಳು ಬೀಡ್ ಎನ್ನುತ್ತಾರೆ. ಅದು ಹಿಗ್ಗುವುದಿಲ್ಲ. ಆದ್ದರಿಂದ ಒಂದು ಕಡೆಯ ಬೀಡನ್ನು ರಿಮ್ಮಿನ ತಗ್ಗಿಗೆ ತಳ್ಳಿದರಷ್ಟೇ ಎದುರು ಕಡೆಯಲ್ಲಿ ಸಡಿಲ ಸಿಗುತ್ತದೆ. ನುರಿತವರು ಸಾಬೂನು ನೀರು ಸವರಿ, ವಾಲ್ವಿನ ಎದುರುಭಾಗದಿಂದ ಆರಂಭಿಸಿ, ಕೊನೆಯ ತುಂಡನ್ನು ವಾಲ್ವಿನ ಬಳಿ ಲಿವರಿನಿಂದ ಎತ್ತಿ ಹಾಕುತ್ತಾರೆ. ತಗ್ಗಿನ ಮರ್ಮ ಅರಿಯದವರು ಬಲ ಪ್ರಯೋಗಿಸಿ ಬೀಡನ್ನು ಹರಿಯುತ್ತಾರೆ, ಇಲ್ಲವೇ ಟ್ಯೂಬನ್ನು ಲಿವರಿಗೆ ಸಿಕ್ಕಿಸಿ ತೂತು ಮಾಡುತ್ತಾರೆ. ಟ್ಯೂಬಿಗೆ ಮೊದಲೇ ಸ್ವಲ್ಪ ಗಾಳಿ ತುಂಬಿಕೊಂಡರೆ ಈ ಅಪಾಯ ಕಡಿಮೆ.

ಟೈರಿನ ಮಗ್ಗುಲಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಬಣ್ಣದ ಚುಕ್ಕೆ ಸಾಮಾನ್ಯವಾಗಿ ಟೈರಿನ ಹಗುರ ಭಾಗವನ್ನು ತೋರಿಸುತ್ತದೆ. ವಾಲ್ವಿನಿಂದಾಗಿ ರಿಮ್ಮು ಅಲ್ಲಿ ಭಾರವಿರುವುದರಿಂದ ಚುಕ್ಕೆಯನ್ನು ವಾಲ್ವಿಗೆ ನೇರವಾಗಿ ಕೂರಿಸುವುದು ರೂಢಿ. ಗಾಳಿ ತುಂಬಿದ ಮೇಲೆ ರಿಮ್ಮಿನ ಪಕ್ಕದಲ್ಲಿ ಕಾಣುವ ಸಣ್ಣ ಗೆರೆ ಸುತ್ತಲೂ ಒಂದೇ ಅಂತರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ ಎಂದರ್ಥ.

ಬ್ಯಾಲೆನ್ಸಿಂಗ್ ಎಂಬ ಕೆಲಸ ಡನ್‌ಲಪ್ ಕಾಲದ ಸೈಕಲ್ಲಿಗೆ ಬೇಕಿರಲಿಲ್ಲ. ಮೋಟಾರ್ ಸೈಕಲ್ಲಿನ ವೇಗದಲ್ಲಿ ಲೆಕ್ಕ ಬೇರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಧಾರಣ ಗಾತ್ರದ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ರಿಮ್ಮಿನ ಒಂದು ಕಡೆ 20 ಗ್ರಾಂ ತೂಕ ಹೆಚ್ಚಿದ್ದರೆ ಆ ವೇಗದಲ್ಲಿ ಅದು ಪ್ರತಿ ಸುತ್ತಿಗೂ ಎರಡರಿಂದ ಎರಡೂವರೆ ಕಿಲೋ ಭಾರದಷ್ಟು ಎಳೆತವಾಗಿ ಪರಿಣಮಿಸುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಹ್ಯಾಂಡಲ್ ನಡುಗುವುದಕ್ಕೆ, ಟೈರು ಒಂದೊಂದು ಕಡೆ ಸವೆಯುವುದಕ್ಕೆ ಇದೂ ಒಂದು ಕಾರಣ. ದುಬಾರಿ ಯಂತ್ರವಿಲ್ಲದಿದ್ದರೂ ಪರೀಕ್ಷೆ ಸಾಧ್ಯ. ಚಕ್ರವನ್ನು ಸಲೀಸಾಗಿ ತಿರುಗುವ ಅಚ್ಚಿನ ಮೇಲಿಟ್ಟು ಬಿಟ್ಟರೆ ಭಾರದ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದರ ಎದುರಿಗೆ, ಅಂದರೆ ಮೇಲ್ಭಾಗದಲ್ಲಿ, ಸೀಸ ಅಥವಾ ಸತುವಿನ ಸಣ್ಣ ತೂಕ ಅಂಟಿಸುತ್ತಾ ಹೋದರೆ ಚಕ್ರ ಎಲ್ಲಿ ನಿಲ್ಲಿಸಿದರೂ ಅಲ್ಲೇ ನಿಲ್ಲುವ ಹಂತ ತಲುಪುತ್ತದೆ.

ಹೆಸರು ಮಾತ್ರ ಉಳಿಯಿತು

ಕಂಪನಿ ಬೆಳೆದಂತೆ ಡನ್‌ಲಪ್ ಅದರಿಂದ ದೂರವಾದರು. ಆಡಳಿತ ಮಂಡಳಿಯೊಂದಿಗೆ ಹೊಂದಾಣಿಕೆಯಾಗದೆ 1895ರಲ್ಲಿ ರಾಜೀನಾಮೆ ನೀಡಿ ಹೊರಬಂದರು. ಮರುವರ್ಷವೇ ಡು ಕ್ರಾಸ್ ಅದನ್ನು 30 ಲಕ್ಷ ಪೌಂಡುಗಳಿಗೆ ಟೆರಾ ಹೂಲಿ ಎಂಬ ಹಣಕಾಸುದಾರನಿಗೆ ಮಾರಿದರು. ಆತ 50 ಲಕ್ಷ ಪೌಂಡುಗಳ ಕಂಪನಿಯಾಗಿ ಮತ್ತೆ ಮಾರುಕಟ್ಟೆಗೆ ಬಿಟ್ಟ. ಆ ಹಣದ ಹೊಳೆಯಲ್ಲಿ ಡನ್‌ಲಪ್ ಪಾಲು ತೀರಾ ಅಲ್ಪ. ಅವರು ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದ ಸಂಸ್ಥೆಯೊಂದರ ಜೊತೆ ನಂಟಿಟ್ಟುಕೊಂಡು ಶಾಂತವಾಗಿ ದಿನ ಕಳೆದರು.

ಗಡ್ಡಧಾರಿಯಾದ ಅವರ ಮುಖ ಟೈರಿನ ಜಾಹೀರಾತುಗಳಲ್ಲಿ ಎಲ್ಲೆಡೆ ಕಾಣಿಸತೊಡಗಿತ್ತು. ಎತ್ತರದ ಟೋಪಿ, ಕೈಯಲ್ಲಿ ಬೆತ್ತ ಹಿಡಿದ ಶೋಕಿಲಾಲನಂತೆ ತಮ್ಮನ್ನು ಚಿತ್ರಿಸಿದ್ದು ಸರಳ ಸ್ವಭಾವದ ಅವರಿಗೆ ಸಹಿಸಲಾಗಲಿಲ್ಲ. ಅದನ್ನು ಅವರು ಪ್ರತಿಭಟಿಸಿದರು. ಸಂಪತ್ತು ಕೈತಪ್ಪಿದಾಗ ತೋರದ ನೋವು ಇಲ್ಲಿ ತೋರಿತು. 1921ರ ಅಕ್ಟೋಬರಿನಲ್ಲಿ ನೆಗಡಿ ತಗುಲಿ, 23ರಂದು ಡಬ್ಲಿನ್ನಿನ ಬಾಲ್ಸ್‌ಬ್ರಿಜ್‌ನ ಮನೆಯಲ್ಲಿ ಅನಿರೀಕ್ಷಿತವಾಗಿ ತೀರಿಕೊಂಡರು. ಡೀನ್ಸ್‌ಗ್ರೇಂಜ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಆ ಹೆಸರು ಭಾರತಕ್ಕೂ ಬಂದಿತು. ಪಶ್ಚಿಮ ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಡನ್‌ಲಪ್ ಕಾರ್ಖಾನೆ ಆರಂಭವಾಯಿತು. ಮುಂದೆ ಮೈಸೂರಿನ ಫಾಲ್ಕನ್ ಟೈರ್ಸ್ ಕಾರ್ಖಾನೆಯಲ್ಲಿ ತಯಾರಾದ ದ್ವಿಚಕ್ರ ವಾಹನಗಳ ಟೈರುಗಳೂ ಅದೇ ಹೆಸರಿನಲ್ಲಿ ರಾಜ್ಯದ ಊರೂರುಗಳಲ್ಲಿ ಮಾರಾಟವಾದವು. ಸಾಹಾಗಂಜ್ ಮತ್ತು ಮೈಸೂರಿನ ಎರಡೂ ಕಾರ್ಖಾನೆಗಳು ಆಮೇಲೆ ಸ್ತಬ್ಧವಾದವು. ನಮ್ಮ ಹಳ್ಳಿಯ ಸೈಕಲ್ಲುಗಳಲ್ಲಿ ಪುಟ್ಟ ರಬ್ಬರ್ ಕೊಳವೆ ಸಿಕ್ಕಿಸುವ ವಾಲ್ವಿಗೂ ಡನ್‌ಲಪ್ ವಾಲ್ವ್ ಎಂಬ ಹೆಸರುಂಟು. ಅದನ್ನು ರೂಪಿಸಿದ್ದು ಮಾತ್ರ ಬೇರೊಬ್ಬರು.

ಥಾಮ್ಸನ್ ಮೊದಲು ಕಂಡರು, ಡನ್‌ಲಪ್ ಓಡಿಸಿ ತೋರಿಸಿದರು, ವೆಲ್ಚ್ ಮತ್ತು ಬಾರ್ಟ್‌ಲೆಟ್ ಕೂರಿಸುವ ದಾರಿ ಹುಡುಕಿದರು, ಡು ಕ್ರಾಸ್ ಮಾರಿ ಹಣ ಮಾಡಿದರು. ಚರಿತ್ರೆ ಒಬ್ಬರ ಹೆಸರನ್ನಷ್ಟೇ ಟೈರಿನ ಮೇಲೆ ಉಳಿಸಿಕೊಂಡಿತು. ಹೊಸ ಟೈರು ಹಾಕಿಸುವಾಗ ಆತುರಪಡಿಸದೆ, ಬಾಣ ಮತ್ತು ಚುಕ್ಕೆ ನೋಡಿ, ಚಕ್ರವನ್ನು ತೂಗಿ ಕೂರಿಸುವ ಮೆಕ್ಯಾನಿಕ್ ಕೂಡ ಇದೇ ಸಾಲಿಗೆ ಸೇರಿದವನು. ಸವಾರನ ಪ್ರಾಣ ನಿಂತಿರುವುದು ಟೈರಿನ ಮೇಲಿನ ಹೆಸರನ್ನು ನೆಚ್ಚಿಕೊಂಡಲ್ಲ, ಅದನ್ನು ಕೂರಿಸಿದ ಕೈಯನ್ನು ನೆಚ್ಚಿಕೊಂಡು.