ತಮ್ಮ ವಿದ್ಯೆಯನ್ನು ಹಂಚಿಕೊಟ್ಟ ದಂತವೈದ್ಯ

ವೈದ್ಯವೃತ್ತಿಯಲ್ಲಿ ಕೀರ್ತಿ ಪಡೆದವರು ಸಾಮಾನ್ಯವಾಗಿ ಒಂದು ಹೊಸ ಔಷಧವನ್ನೋ ಹೊಸ ಶಸ್ತ್ರಕ್ರಿಯೆಯನ್ನೋ ಲೋಕಕ್ಕೆ ಕೊಟ್ಟವರು. ಅಮೆರಿಕದ ದಂತವೈದ್ಯ ಆಲ್‌ಫ್ರೆಡ್ ಸಿವಿಲಿಯನ್ ಫೋನ್ಸ್ ಅವರು ಲೋಕಕ್ಕೆ ಕೊಟ್ಟದ್ದು ಒಂದು ಉದ್ಯೋಗವನ್ನು. ಹಲ್ಲುಗಳನ್ನು ಶುಚಿಗೊಳಿಸಿ, ಅವು ಕೆಡದಂತೆ ಕಾಪಾಡುವ ಬಗೆಯನ್ನು ಜನರಿಗೆ ಕಲಿಸುವ, ಸರ್ಕಾರದ ಪರವಾನಗಿ ಪಡೆದ ಡೆಂಟಲ್ ಹೈಜೀನಿಸ್ಟ್ ಎಂಬ ಉದ್ಯೋಗ ಹುಟ್ಟಿದ್ದು ಅವರ ಕೈಯಲ್ಲಿ. ಒಬ್ಬ ವೈದ್ಯನು ತಾನು ಕಷ್ಟಪಟ್ಟು ಗಳಿಸಿದ ಅಧಿಕಾರದಲ್ಲಿ ಒಂದು ಪಾಲನ್ನು ತಾನಾಗಿಯೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ನಿದರ್ಶನಗಳು ವಿರಳ. ಫೋನ್ಸರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದು ನನಗೆ ತೋರಿದ್ದು ಆ ಕಾರಣದಿಂದಲೇ.

ಫೋನ್ಸರು ಜನಿಸಿದ್ದು 1869ರಲ್ಲಿ, ಕನೆಕ್ಟಿಕಟ್ ಸಂಸ್ಥಾನದ ಬ್ರಿಜ್‌ಪೋರ್ಟ್ ನಗರದಲ್ಲಿ. ಅದು ಕಾರ್ಖಾನೆಗಳ ಊರು. ತಂದೆ ಸಿವಿಲಿಯನ್ ಫೋನ್ಸರೂ ದಂತವೈದ್ಯರೇ. ಆ ನಗರದ ಮೇಯರ್ ಆಗಿಯೂ ಇದ್ದವರು. ಮಗನು ನ್ಯೂಯಾರ್ಕಿನ ದಂತವೈದ್ಯ ಕಾಲೇಜಿನಲ್ಲಿ ಓದಿ 1890ರಲ್ಲಿ ಪದವಿ ಪಡೆದು ಹುಟ್ಟೂರಿಗೇ ಮರಳಿ ತಂದೆಯ ವೃತ್ತಿಯನ್ನು ಹಿಡಿದನು. ಆ ಕಾಲದ ದಂತವೈದ್ಯಕ್ಕೆ ಎರಡೇ ಕೆಲಸಗಳಿದ್ದುವೆಂದರೆ ತಪ್ಪಾಗಲಾರದು: ಹುಳುಕು ಬಿದ್ದ ಹಲ್ಲನ್ನು ತುಂಬುವುದು, ತುಂಬಲು ಬಾರದ್ದನ್ನು ಕೀಳುವುದು. ಹಲ್ಲು ಕೆಡುವ ಮುನ್ನ ವೈದ್ಯನಿಗೆ ಅಲ್ಲಿ ಮಾಡಲು ಏನಾದರೂ ಇದೆಯೆಂದು ಬಗೆದವರು ಬೆರಳೆಣಿಕೆಯಷ್ಟು ಮಂದಿ.

ಅಂಥವರಲ್ಲಿ ಒಬ್ಬರು ಫಿಲಡೆಲ್ಫಿಯದ ಡಾ. ಡಿ. ಡಿ. ಸ್ಮಿತ್. ಕೆಲವೇ ವಾರಗಳಿಗೊಮ್ಮೆ ಹಲ್ಲುಗಳ ಮೇಲಿನ ಕಿಟ್ಟವನ್ನೂ ಪಾಚಿಯನ್ನೂ ತೆಗೆದು, ಒಂದೊಂದು ಹಲ್ಲನ್ನೂ ಕೈಯಿಂದ ಉಜ್ಜಿ ನಯಗೊಳಿಸಿದರೆ ಹುಳುಕೂ ವಸಡಿನ ರೋಗವೂ ಬಹುಮಟ್ಟಿಗೆ ತಪ್ಪುವುವೆಂಬುದು ಅವರ ಮತ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಈ ವಿಚಾರ ಫೋನ್ಸರ ಕಿವಿಗೆ ಬಿದ್ದಿತು. ಕೇಳಿ ಮರೆಯುವ ಸ್ವಭಾವ ಅವರದಲ್ಲ. ತಮ್ಮ ರೋಗಿಗಳ ಮೇಲೆಯೇ ಹಲವು ವರ್ಷ ಅದನ್ನು ಪ್ರಯೋಗಿಸಿ ನೋಡಿದರು. ಫಲ ಕಣ್ಣಿಗೆ ಕಾಣುವಂತಿತ್ತು. ಆದರೆ ಒಂದು ತೊಡಕು ಎದುರಾಯಿತು. ಒಬ್ಬೊಬ್ಬ ರೋಗಿಗೂ ಇಷ್ಟು ಹೊತ್ತನ್ನು ಕೊಡುವ ವೈದ್ಯನು ಉಳಿದ ಕೆಲಸವನ್ನು ಮಾಡುವುದೆಂತು? ಒಬ್ಬ ವೈದ್ಯನಿಗೇ ಹೀಗಾದರೆ ಇಡೀ ನಗರದ ಮಕ್ಕಳ ಗತಿಯೇನು?

ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಸರಳವಾದದ್ದು. ಆದರೆ ಅಂದಿನ ವೈದ್ಯರಿಗೆ ಸುಲಭವಾಗಿ ಒಪ್ಪಿಗೆಯಾಗುವಂಥದಲ್ಲ. ಅವರ ಬಂಧುವೂ ಚಿಕಿತ್ಸಾಲಯದಲ್ಲಿ ಸಹಾಯಕಿಯೂ ಆಗಿದ್ದ ಐರೀನ್ ನ್ಯೂಮನ್ ಎಂಬಾಕೆಗೆ 1906ರಲ್ಲಿ ಅವರು ಈ ವಿದ್ಯೆಯನ್ನು ಕಲಿಸತೊಡಗಿದರು. ಬಲ್ಲವರ ಕೈಯಲ್ಲಿಯೂ ಒಮ್ಮೊಮ್ಮೆ ವಸಡನ್ನು ಗಾಯಗೊಳಿಸುವ ಹರಿತವಾದ ಉಪಕರಣಗಳನ್ನು ಪದವಿಯಿಲ್ಲದ ಸಹಾಯಕಿಯ ಕೈಗೆ ಒಪ್ಪಿಸುವುದೆಂದರೆ ಸಾಮಾನ್ಯವಲ್ಲ. ನ್ಯೂಮನ್ ಅವರ ಕೈ ಪಳಗಿತು. ಫೋನ್ಸರ ರೋಗಿಗಳು ಅವರಲ್ಲಿ ನಂಬಿಕೆಯಿಟ್ಟರು.

ಇಲ್ಲಿಗೆ ನಿಂತಿದ್ದರೆ ಇದು ಒಂದು ಚಿಕಿತ್ಸಾಲಯದ ಒಳವ್ಯವಸ್ಥೆಯಾಗಿ ಉಳಿದು, ಫೋನ್ಸರೊಡನೆಯೇ ಮುಗಿಯುತ್ತಿತ್ತು. ಅವರು ಮುಂದಿನ ಹೆಜ್ಜೆಯನ್ನಿಟ್ಟರು. ತಮ್ಮ ಚಿಕಿತ್ಸಾಲಯಕ್ಕೆ ಸೇರಿದಂತಿದ್ದ ಗಾಡಿಖಾನೆಯನ್ನೇ ಪಾಠಶಾಲೆಯಾಗಿ ಮಾರ್ಪಡಿಸಿ, 1913ರ ನವೆಂಬರ್ ತಿಂಗಳಲ್ಲಿ ಜಗತ್ತಿನ ಮೊದಲ ಹೈಜೀನಿಸ್ಟ್ ಶಾಲೆಯನ್ನು ತೆರೆದರು. ಉಪಾಧ್ಯಾಯಿನಿಯರು, ದಾದಿಯರು, ದಂತವೈದ್ಯರ ಸಹಾಯಕಿಯರು, ಕೆಲವು ದಂತವೈದ್ಯರ ಪತ್ನಿಯರು ವಿದ್ಯಾರ್ಥಿನಿಯರಾಗಿ ಸೇರಿದರು. ಯೇಲ್, ಹಾರ್ವರ್ಡ್, ಕೊಲಂಬಿಯಗಳಂಥ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಆ ಗಾಡಿಖಾನೆಗೆ ಬಂದು ಶರೀರರಚನೆ, ಸೂಕ್ಷ್ಮಜೀವಿಶಾಸ್ತ್ರ, ರೋಗಲಕ್ಷಣಗಳ ಮೇಲೆ ಉಪನ್ಯಾಸ ಕೊಟ್ಟರು. ಹಲ್ಲುಜ್ಜುವ ಕೆಲಸಕ್ಕೆ ಇಷ್ಟು ಶಾಸ್ತ್ರವೇಕೆಂದು ಯಾರಾದರೂ ಕೇಳಬಹುದು. ಕೈಚಳಕವಷ್ಟೇ ಇದ್ದವನು ಕೂಲಿಯಾಗುತ್ತಾನೆ, ಕಾರಣವನ್ನು ಬಲ್ಲವನೇ ಹೊಣೆಗಾರನಾಗುತ್ತಾನೆ. ಫೋನ್ಸರು ಸಿದ್ಧಪಡಿಸಲು ಹೊರಟದ್ದು ಹೊಣೆಗಾರರನ್ನು. ಮರುವರ್ಷ ಜೂನ್ ತಿಂಗಳಲ್ಲಿ 27 ಮಂದಿ ತೇರ್ಗಡೆಯಾದರು. ಮೂರು ತಂಡಗಳೂ ಸೇರಿ ಒಟ್ಟು 97 ಮಂದಿ. 1916ರಲ್ಲಿ ಫೋನ್ಸರ ಪಠ್ಯಗ್ರಂಥವೂ ಹೊರಬಂದಿತು.

ಉದ್ಯೋಗಕ್ಕೆ ಹೆಸರಿಡುವುದರಲ್ಲಿಯೂ ಅವರು ವಿವೇಚನೆ ತೋರಿದರು. ದಂತದಾದಿ ಎಂಬ ಹೆಸರು ಆಗ ಕೇಳಿಬರುತ್ತಿತ್ತು. ದಾದಿಯೆಂದೊಡನೆ ಜನರ ಮನಸ್ಸಿಗೆ ಬರುವುದು ರೋಗ, ಹಾಸಿಗೆ, ನರಳಾಟ. ರೋಗವೇ ಬಾರದಂತೆ ತಡೆಯುವವಳಿಗೆ ಆರೋಗ್ಯವನ್ನೇ ಸೂಚಿಸುವ ಹೆಸರು ಬೇಕೆಂದು ಅವರು ಹೈಜೀನಿಸ್ಟ್ ಎಂಬುದನ್ನು ಆಯ್ದುಕೊಂಡರು.

ಶಾಲೆಯಿಂದ ಹೊರಬಂದವರಲ್ಲಿ ಹಲವರು ಬ್ರಿಜ್‌ಪೋರ್ಟಿನ ಸಾರ್ವಜನಿಕ ಶಾಲೆಗಳಲ್ಲಿ ಕೆಲಸಕ್ಕೆ ನಿಂತರು. ಕಾರ್ಮಿಕರ ಮಕ್ಕಳ ಹಲ್ಲುಗಳನ್ನು ತಿಕ್ಕಿ ಶುಚಿಗೊಳಿಸುವುದು, ತರಗತಿಯಲ್ಲಿ ಬ್ರಷ್ ಹಿಡಿಯುವ ಕ್ರಮವನ್ನು ಕವಾಯತಿನಂತೆ ಕಲಿಸುವುದು, ತಾಯ್ತಂದೆಗಳಿಗೆ ತಿಳಿಯಹೇಳುವುದು ಅವರ ದಿನಚರಿ. ಬ್ರಷ್ಷನ್ನು ವಸಡು ಹಲ್ಲುಗಳೆರಡರ ಮೇಲೂ ವರ್ತುಲವಾಗಿ ತಿರುಗಿಸಿ ಉಜ್ಜುವ ಕ್ರಮಕ್ಕೆ ಇಂದಿಗೂ ಫೋನ್ಸರ ಹೆಸರೇ ಇದೆ. ಹಲ್ಲಿನ ಹುಳುಕು ಗಣನೀಯವಾಗಿ ಇಳಿದುದನ್ನು ಅವರು ವರ್ಷವರ್ಷದ ಪರೀಕ್ಷೆಗಳಿಂದ ತೋರಿಸಿಕೊಟ್ಟರು. ಶುಚಿಯಾದ ಹಲ್ಲು ಕೆಡುವುದೇ ಇಲ್ಲವೆಂಬ ಆ ಕಾಲದ ನಂಬಿಕೆ ಪೂರ್ಣಸತ್ಯವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸಕ್ಕರೆಯ ಪಾತ್ರವೂ ಫ್ಲೋರೈಡಿನ ಪಾತ್ರವೂ ಮುಂದೆ ಸ್ಪಷ್ಟವಾದುವು. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವ ಮೊದಲ ಪ್ರಯೋಗ ಅಮೆರಿಕದ ಗ್ರ್ಯಾಂಡ್ ರ್ಯಾಪಿಡ್ಸ್ ನಗರದಲ್ಲಿ ಆರಂಭವಾದದ್ದು 1945ರಲ್ಲಿ. ಹೀಗೆ ವಿಜ್ಞಾನ ಮುಂದುವರಿದರೂ ಫೋನ್ಸರು ಕಟ್ಟಿದ ಉದ್ಯೋಗ ಹಳತಾಗಲಿಲ್ಲ. ಹೊಸ ಜ್ಞಾನವನ್ನು ಜನರ ಬಾಯಿಗೆ ತಲುಪಿಸುವ ಕೈಗಳು ಅದಾಗಲೇ ಸಿದ್ಧವಾಗಿದ್ದುವು.

ವಿರೋಧವೂ ಕಡಮೆಯಿರಲಿಲ್ಲ. ಅರೆಕಲಿತವರು ವೈದ್ಯರ ಕುರ್ಚಿಯನ್ನೇ ಆಕ್ರಮಿಸಿಯಾರೆಂದು ವೃತ್ತಿಬಾಂಧವರಲ್ಲಿ ಅನೇಕರು ಶಂಕಿಸಿದರು. ಈ ಶಂಕೆಗೆ ನೆಲೆಯಿಲ್ಲದೆಯೂ ಇರಲಿಲ್ಲ. ಇದಕ್ಕೆ ಸಮಾಧಾನ ದೊರೆತದ್ದು ಕಾನೂನಿನಲ್ಲಿ. 1915ರಲ್ಲಿ ಕನೆಕ್ಟಿಕಟ್ ಸಂಸ್ಥಾನವು ತನ್ನ ದಂತವೈದ್ಯ ಶಾಸನವನ್ನು ತಿದ್ದಿ ಹೈಜೀನಿಸ್ಟರಿಗೆ ಸ್ಥಾನ ಕಲ್ಪಿಸಿತು. ಹಲ್ಲಿನ ಹೊರಮೈಯಲ್ಲಿಯೂ ವಸಡಿನ ಅಂಚಿನ ತುಸು ಕೆಳಗೂ ಕಟ್ಟಿದ ಕಿಟ್ಟವನ್ನೂ ಕರೆಯನ್ನೂ ಆಕೆ ತೆಗೆಯಬಹುದು. ಬೇರಾವ ಚಿಕಿತ್ಸೆಗೂ ಕೈಹಾಕಕೂಡದು. ಪರವಾನಗಿಯುಳ್ಳ ದಂತವೈದ್ಯನ ಮೇಲ್ವಿಚಾರಣೆಯಲ್ಲಿ ಚಿಕಿತ್ಸಾಲಯದಲ್ಲಾಗಲಿ ಸಂಸ್ಥೆಗಳಲ್ಲಾಗಲಿ ಕೆಲಸಮಾಡಬಹುದು. ಶಾಸನದ ತಿರುಳು ಇಷ್ಟೇ. ಮೇಲುನೋಟಕ್ಕೆ ಇದು ಬರಿಯ ನಿರ್ಬಂಧದಂತೆ ಕಾಣುತ್ತದೆ. ನನಗಾದರೋ ಇದು ಹೊಲಕ್ಕೆ ಹಾಕಿದ ಬೇಲಿಯಂತೆ ತೋರುತ್ತದೆ: ಒಳಗಿನವನು ಹೊರಗೆ ಕಾಲಿಡದಂತೆ ತಡೆಯುವ ಬೇಲಿಯೇ ಒಳಗಿನ ನೆಲ ಅವನದೆಂದು ಊರಿಗೆಲ್ಲ ಸಾರುತ್ತದೆ. 1917ರಲ್ಲಿ ಐರೀನ್ ನ್ಯೂಮನ್ ಅವರಿಗೆ ಜಗತ್ತಿನಲ್ಲಿಯೇ ಮೊದಲ ಹೈಜೀನಿಸ್ಟ್ ಪರವಾನಗಿ ದೊರೆಯಿತು. ಹನ್ನೊಂದು ವರ್ಷಗಳ ಹಿಂದೆ ಒಬ್ಬ ವೈದ್ಯರ ವಿಶ್ವಾಸದಿಂದ ಮಾತ್ರ ಮಾಡತೊಡಗಿದ್ದ ಕೆಲಸವನ್ನು ಆಕೆ ಇನ್ನು ತಮ್ಮ ಸ್ವಂತ ಹಕ್ಕಿನಿಂದ ಮಾಡಬಹುದಾಯಿತು.

ಆ ಶಾಸನ ಈ ಉದ್ಯೋಗವನ್ನು ಸ್ತ್ರೀಯರಿಗೆ ಮೀಸಲಿಟ್ಟಿತ್ತು. ಫೋನ್ಸರ ಎಣಿಕೆಯೂ ಅದೇ ಆಗಿದ್ದಿತು. ಗೌರವದ ದುಡಿಮೆ ಹೆಂಗಸರಿಗೆ ಎಟುಕದಿದ್ದ ಕಾಲದಲ್ಲಿ ಅದೊಂದು ಉಪಕಾರವೇ ಸರಿ. ಆದರೆ ಆ ಎಲ್ಲೆಯನ್ನು ಕಾಲವೇ ಅಳಿಸಿತು. 1965ರಲ್ಲಿ ಅಮೆರಿಕದಲ್ಲಿ ಮೊದಲ ಪುರುಷ ಹೈಜೀನಿಸ್ಟ್ ಪದವಿ ಪಡೆದನು. ಈಗ ಅಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿ, 1962ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೈಕೆಲಸದಲ್ಲಿಯೂ ಯೋಗ್ಯತೆ ತೋರಿಸಿ, ಆಯಾ ಸಂಸ್ಥಾನದಿಂದ ಪರವಾನಗಿ ಪಡೆಯುವುದು ರೂಢಿ.

ಫೋನ್ಸರು 1938ರಲ್ಲಿ ತೀರಿಕೊಂಡರು. 1949ರಲ್ಲಿ ಬ್ರಿಜ್‌ಪೋರ್ಟ್ ವಿಶ್ವವಿದ್ಯಾಲಯವು ಅವರ ಹೆಸರಿನ ಶಾಲೆಯನ್ನು ತೆರೆಯಿತು. ಅದಕ್ಕೆ ಒಂದು ವರ್ಷ ಮುಂಚೆ, 1948ರಲ್ಲಿ, ಸ್ವತಂತ್ರ ಭಾರತದ ದಂತವೈದ್ಯ ಕಾಯಿದೆಯು ವೈದ್ಯರ ಪಟ್ಟಿಯ ಪಕ್ಕದಲ್ಲಿಯೇ ಹೈಜೀನಿಸ್ಟರಿಗೆ ಪ್ರತ್ಯೇಕವಾದೊಂದು ನೋಂದಣಿ ಪಟ್ಟಿಯನ್ನು ವಿಧಿಸಿದ್ದಿತು. ಪಟ್ಟಿಯೇನೋ ಬಂದಿತು; ನೋವು ತಡೆಯಲಾರದಾದಾಗ ಮಾತ್ರ ದಂತವೈದ್ಯನ ಬಾಗಿಲು ತಟ್ಟುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಲವಾಗಿಯೇ ಇದೆ. ನಮ್ಮ ಶಾಲೆಗಳ ಮಕ್ಕಳ ಬಳಿಗೆ, ನೋವು ಹುಟ್ಟುವ ಮೊದಲೇ, ವಿದ್ಯೆಯೂ ಅಧಿಕಾರವೂ ಉಳ್ಳ ಇಂಥ ಕೈಗಳು ಹೋಗುವಂತಾದರೆ ಬ್ರಿಜ್‌ಪೋರ್ಟಿನ ಆ ಗಾಡಿಖಾನೆಯಲ್ಲಿ ಹೊತ್ತಿಸಿದ ದೀಪ ನಮ್ಮ ಮನೆಗಳನ್ನೂ ಬೆಳಗೀತು.