ಪ್ರಯೋಗಾಲಯದ ಮಡಿವಂತ

ಊರಿನಿಂದ ಬಂದ ತಂದೆತಾಯಿಯರನ್ನು ಶಿಕಾಗೊ ಸುತ್ತಮುತ್ತಲಿನ ಕನ್ನಡಿಗರು ತಪ್ಪದೆ ಕರೆದೊಯ್ಯುವ ತಾಣಗಳಲ್ಲಿ ಲೆಮಾಂಟ್‌ನ ಶ್ರೀರಾಮ ದೇವಸ್ಥಾನವೂ ಒಂದು. ಅಲ್ಲಿಂದ ಕೆಲವೇ ನಿಮಿಷಗಳ ದಾರಿಯಲ್ಲಿ, ಮರಗಳ ಮರೆಯಲ್ಲಿ, ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವಿದೆ. ನನ್ನ ಕೆಲಸ ಅಲ್ಲಿಯೇ ಏನು ಎಂದು ಅಪ್ಪ ಒಮ್ಮೆ ವಿಚಾರಿಸಿದರು. ಅಲ್ಲ; ಬೇರೊಂದು ಸಂಶೋಧನಾ ಸಂಸ್ಥೆಯಲ್ಲಿ ರಾಸಾಯನಿಕ ಮಾದರಿಗಳ ಭಂಡಾರವನ್ನೂ ಅವುಗಳಿಗೆ ಸಂಬಂಧಿಸಿದ ದತ್ತಾಂಶವನ್ನೂ ಕಾಯುವುದು ನನ್ನ ಉದ್ಯೋಗ. ಶೀಶೆಗಳಿಗೆ ಚೀಟಿ ಅಂಟಿಸಲು ಅಮೆರಿಕದವರೆಗೆ ಹೋಗಬೇಕಿತ್ತೇ ಎಂಬುದು ನೆಂಟರಿಷ್ಟರ ಹಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಾನು ಕ್ಲೇರ್ ಪ್ಯಾಟರ್ಸನ್ ಅವರ ಬದುಕನ್ನು ಹೇಳುತ್ತೇನೆ.

ಪ್ಯಾಟರ್ಸನ್ ಹುಟ್ಟಿದ್ದು 1922ರಲ್ಲಿ, ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ. ತಂದೆ ಅಂಚೆ ನೌಕರ. ಗ್ರಿನೆಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಯುದ್ಧಕಾಲದಲ್ಲಿ ಪರಮಾಣು ಬಾಂಬ್ ಯೋಜನೆಯಲ್ಲಿ ದುಡಿದು, ಅಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿನ ಬಳಕೆಯನ್ನು ಕಲಿತರು. ಯುದ್ಧ ಮುಗಿದ ಬಳಿಕ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹ್ಯಾರಿಸನ್ ಬ್ರೌನ್ ಅವರ ಶಿಷ್ಯರಾದರು. ಶಿಲೆಗಳೊಳಗಿನ ಜಿರ್ಕಾನ್ ಹರಳುಗಳಲ್ಲಿ ಎಷ್ಟು ಸೀಸವಿದೆಯೆಂದು ಅಳೆಯುವುದು ಗುರುಗಳು ಒಪ್ಪಿಸಿದ ಕೆಲಸ. ಯುರೇನಿಯಂ ಕ್ಷಯಿಸುತ್ತಾ ಕೊನೆಗೆ ಸೀಸವಾಗುವುದರಿಂದ, ಎರಡರ ಪ್ರಮಾಣ ತಿಳಿದರೆ ಶಿಲೆಯ ವಯಸ್ಸು ತಿಳಿಯುತ್ತದೆ. ಅದೇ ಮಾರ್ಗದಲ್ಲಿ ಭೂಮಿಯ ವಯಸ್ಸನ್ನೇ ತಲಪಬಹುದೆಂಬುದು ಬ್ರೌನ್ ಅವರ ಆಲೋಚನೆಯಾಗಿತ್ತು.

ಆದರೆ ಲೆಕ್ಕ ಕೂಡಿಬರಲಿಲ್ಲ. ವಯಸ್ಸು ಮೊದಲೇ ತಿಳಿದಿದ್ದ ಶಿಲೆಯಲ್ಲಿಯೂ ಇರಬೇಕಾದುದಕ್ಕಿಂತ ಬಹಳ ಹೆಚ್ಚು ಸೀಸ ಕಾಣುತ್ತಿತ್ತು. ಅದು ಶಿಲೆಯದಲ್ಲ, ಗಾಜಿನ ಪಾತ್ರೆ, ಆಮ್ಲ, ನಲ್ಲಿಯ ನೀರು, ಕೊಠಡಿಯ ಧೂಳು, ಕಡೆಗೆ ಸಂಶೋಧಕನ ಮೈಮೇಲಿನ ಬಟ್ಟೆಯಿಂದಲೂ ಬರುತ್ತಿದ್ದ ಸೀಸವೆಂದು ಪ್ಯಾಟರ್ಸನ್ ಕಂಡುಕೊಂಡರು. ಅಂದಿನಿಂದ ಅವರ ಮಡಿ ಆರಂಭವಾಯಿತು. ಪಾತ್ರೆಗಳನ್ನು ಆಮ್ಲದಲ್ಲಿ ಕುದಿಸಿ ತೊಳೆದರು, ರಾಸಾಯನಿಕಗಳನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿದರು, ಪ್ರತಿ ಹಂತದಲ್ಲಿ ಎಷ್ಟು ಮೈಲಿಗೆ ಸೇರಿತೆಂದು ಅಳೆದು ಬರೆದಿಟ್ಟರು. ನಮ್ಮ ಅಜ್ಜಿಯರ ಮಡಿ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಲ್ಲುತ್ತಿತ್ತು; ಇವರ ಮಡಿ ಗಾಳಿಗೂ ಅನ್ವಯಿಸಿತು. 1951ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸೇರಿ, ಸೋಸಿದ ಗಾಳಿಯಷ್ಟೇ ಒಳಬರುವ ಕೊಠಡಿಯನ್ನು ಕಟ್ಟಿದರು.

ಈ ಭಾಗ ಓದುವಾಗಲೆಲ್ಲ ನನಗೆ ನನ್ನದೇ ತಪ್ಪು ನೆನಪಾಗುತ್ತದೆ. ಮಾದರಿಯನ್ನೇ ಹಾಕದೆ ಬರಿಯ ದ್ರಾವಕವನ್ನು ಅಳೆಯುವ ಶೀಶೆಗೆ ನಮ್ಮಲ್ಲಿ ಬ್ಲ್ಯಾಂಕ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೊನ್ನೆಯಿರಬೇಕಾದ ಆ ಶೀಶೆಯಲ್ಲಿ ಒಂದು ಅಂಕಿ ಕಾಣಿಸಿತು. ವೀಸಾ ಹೊಸದು, ಎದೆಯಲ್ಲಿ ಅಳುಕು. ಆ ಸಾಲನ್ನು ಪಟ್ಟಿಯಿಂದ ಅಳಿಸಿಬಿಟ್ಟೆ. ಎರಡು ವಾರಗಳ ಬಳಿಕ ನಲವತ್ತು ಮಾದರಿಗಳ ಫಲಿತಾಂಶ ಸಂಶಯಕ್ಕೆ ಒಳಗಾದಾಗ ಹೋಗಿ ಒಪ್ಪಿಕೊಂಡೆ. ಕೆಲಸ ಉಳಿಯಿತು. ನಲವತ್ತನ್ನೂ ಮತ್ತೆ ಅಳೆಯಬೇಕಾಯಿತು. ನಾನು ಮುಚ್ಚಿದ ಅಂಥ ಅಂಕಿಯನ್ನೇ ಪ್ಯಾಟರ್ಸನ್ ವರ್ಷಗಟ್ಟಲೆ ಬೆನ್ನಟ್ಟಿದ್ದರು.

1953ರಲ್ಲಿ ಅವರು ಅರಿಜೋನಾದ ಕ್ಯಾನ್ಯನ್ ಡಯಾಬ್ಲೊ ಉಲ್ಕಾಶಿಲೆಯಿಂದ ಬೇರ್ಪಡಿಸಿದ ಸೀಸವನ್ನು ಆರ್ಗಾನ್‌ಗೆ ತಂದು ಅಲ್ಲಿನ ಯಂತ್ರದಲ್ಲಿ ಅಳೆದರು. ದೊರೆತ ಉತ್ತರ ಸುಮಾರು 455 ಕೋಟಿ ವರ್ಷ. ಅಲ್ಲಿಂದ ಅಯೋವಾದ ತವರಿಗೆ ಹೋದಾಗ ಉದ್ವೇಗ ಎಷ್ಟಿತ್ತೆಂದರೆ, ಹೃದಯಾಘಾತವಾಯಿತೆಂದು ತಿಳಿದು ತಾಯಿಯೊಡನೆ ಆಸ್ಪತ್ರೆಗೆ ಧಾವಿಸಿದರಂತೆ. 1956ರಲ್ಲಿ ಪ್ರಕಟವಾದ ಆ ಸಂಖ್ಯೆ ಇಂದಿಗೂ ಬಹುಮಟ್ಟಿಗೆ ಹಾಗೆಯೇ ನಿಂತಿದೆ.

ಅಷ್ಟಕ್ಕೇ ಅವರು ವಿರಮಿಸಬಹುದಿತ್ತು. ಆದರೆ ತಮ್ಮನ್ನು ಕಾಡಿದ ಸೀಸ ಎಲ್ಲಿಂದ ಬಂದಿತೆಂಬ ಪ್ರಶ್ನೆ ಉಳಿದಿತ್ತು. ಸಾಗರದ ಆಳದ ನೀರಿಗಿಂತ ಮೇಲ್ಪದರದಲ್ಲಿ ಸೀಸ ಹೆಚ್ಚಾಗಿತ್ತು. ಗ್ರೀನ್‌ಲ್ಯಾಂಡಿನ ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ಹೆಚ್ಚಾಗಿತ್ತು. ಬೊಟ್ಟು ಪೆಟ್ರೋಲಿನತ್ತ ತೋರಿತು.

ನನ್ನ ಅಕ್ಕ ಡೆಟ್ರಾಯಿಟ್ ಬಳಿ ಕಾರು ಉದ್ಯಮದಲ್ಲಿದ್ದಾಳೆ. ಪಂಪ ಕನ್ನಡ ಕೂಟದ ಯುಗಾದಿಗೆಂದು ಐ-94 ಹೆದ್ದಾರಿಯಲ್ಲಿ ಹೋಗುವಾಗ ಕಥೆಯ ಮತ್ತೊಂದು ತುದಿಯತ್ತ ಹೋಗುತ್ತಿದ್ದೇನೆ ಎನಿಸುತ್ತದೆ. ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವನ್ನು 1921ರಲ್ಲಿ ಕಂಡುಹಿಡಿದವರು ಜನರಲ್ ಮೋಟಾರ್ಸ್‌ನ ಸಂಶೋಧಕರು. ಅದನ್ನು ಮಾರಲು ಹುಟ್ಟಿದ ಎಥಿಲ್ ಕಂಪನಿಯ ಸಂಶೋಧನಾಲಯ ಡೆಟ್ರಾಯಿಟ್ ಅಂಚಿನ ಫರ್ನ್‌ಡೇಲ್‌ನಲ್ಲಿತ್ತು. ಇಡೀ ಉದ್ಯಮದ ಎದುರು ಪ್ಯಾಟರ್ಸನ್ 1965ರಲ್ಲಿ ಲೇಖನ ಬರೆದರು, ಮರುವರ್ಷ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ತೈಲೋದ್ಯಮದ ಧನಸಹಾಯ ನಿಂತಿತು. 1971ರಲ್ಲಿ ಗಾಳಿಯ ಸೀಸವನ್ನು ಪರಿಶೀಲಿಸಿದ ರಾಷ್ಟ್ರೀಯ ಸಮಿತಿಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಅವರ ಬಳಿ ಇದ್ದುದು ಶುದ್ಧ ಮಾದರಿಗಳು ಮತ್ತು ಸುಳ್ಳಾಡದ ದಾಖಲೆ ಮಾತ್ರ.

ಅಮೆರಿಕದಲ್ಲಿ 1970ರ ದಶಕದಿಂದ ಪೆಟ್ರೋಲಿನ ಸೀಸ ಇಳಿಯತೊಡಗಿತು. ಆ ದಶಕದ ಕೊನೆಯಲ್ಲಿ ಜನರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಸರಾಸರಿ 12.8 ಮೈಕ್ರೋಗ್ರಾಂ ಇದ್ದ ಸೀಸ, 1991ರ ವೇಳೆಗೆ 2.8ಕ್ಕೆ ಕುಸಿದಿತ್ತು. ಪ್ಯಾಟರ್ಸನ್ ತೀರಿಕೊಂಡದ್ದು 1995ರ ಡಿಸೆಂಬರ್ 5ರಂದು. ರಸ್ತೆಯ ವಾಹನಗಳಿಗೆ ಸೀಸಯುಕ್ತ ಪೆಟ್ರೋಲಿನ ಪೂರ್ಣ ನಿಷೇಧ ಜಾರಿಗೆ ಬಂದದ್ದು 1996ರ ಜನವರಿ 1ರಂದು. ನಾಲ್ಕು ವಾರಗಳ ಅಂತರದಲ್ಲಿ ಆ ದಿನವನ್ನು ಅವರು ಕಾಣದೆ ಹೋದರು.

ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿ 1ರಿಂದ. ಅದಕ್ಕೂ ಮೊದಲು ಅಪ್ಪನ ಸ್ಕೂಟರಿನ ಮುಂದೆ ನಿಂತು, ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಹೊಗೆ ಕುಡಿಯುತ್ತಾ ಶಾಲೆಗೆ ಹೋದವನು ನಾನು. ಲೆಮಾಂಟ್‌ನಿಂದ ಹಿಂದಿರುಗುವ ದಾರಿಯಲ್ಲಿ ಇದನ್ನೆಲ್ಲ ಹೇಳಿದಾಗ ಅಪ್ಪ ಬಹಳ ಹೊತ್ತು ಮೌನವಾಗಿದ್ದರು. ಮರುದಿನ ಊರಿನ ಚಿಕ್ಕಪ್ಪ ಫೋನಿನಲ್ಲಿ ಮಗನ ಉದ್ಯೋಗವೇನೆಂದು ವಿಚಾರಿಸಿದಾಗ, ಶೀಶೆಗಳ ಲೆಕ್ಕ ತಪ್ಪದಂತೆ ಕಾಯುವುದು ಎಂದರು. ಆ ದನಿಯಲ್ಲಿ ಈ ಬಾರಿ ಸಂಕೋಚವಿರಲಿಲ್ಲ.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ತರುಣರಿಗೆ ನನ್ನದು ಒಂದೇ ಮಾತು. ಪದವಿ, ಸಂಬಳ, ವೀಸಾ ಎಲ್ಲವೂ ಬೇಕು. ಅವುಗಳ ಜೊತೆಗೆ, ಖಾಲಿ ಶೀಶೆಯಲ್ಲಿ ಕಂಡ ಅಂಕಿಯನ್ನು ಕಂಡಂತೆಯೇ ಬರೆಯುವ ಧೈರ್ಯವನ್ನೂ ಕಟ್ಟಿಕೊಂಡು ಬನ್ನಿ.